ನೀಲಿ ಆರುವ ತನಕ

ಇಪ್ಪತ್ತಾರೂವರೆ, ಅಲ್ಲ, ಇಪ್ಪತ್ತಾರು ದಶಮಾಂಶ ಮೂರು, ಬಗ್ಗಿ ನೋಡಬೇಕು, ಕಣ್ಣು ಪಾದರಸದ ನೆತ್ತಿಗೆ ಸರಿಸಮ ಇರಬೇಕು, ಮೇಲಿಂದ ನೋಡಿದರೆ ಕಡಿಮೆ ಕಾಣುತ್ತದೆ, ಕೆಳಗಿಂದ ನೋಡಿದರೆ ಹೆಚ್ಚು, ಉಸಿರನ್ನೂ ಬಿಗಿಹಿಡಿಯಬೇಕು, ಓದುವವರ ಉಸಿರೂ ಬಿಸಿಯೇ ತಾನೆ — ಬೆಟ್ಟದ ಮೇಲಿನ ಹವಾಮಾನ ಕೇಂದ್ರದಲ್ಲಿ ಇಪ್ಪತ್ತೊಂಬತ್ತು ವರ್ಷ ಮೂರು ಗಂಟೆಗೊಮ್ಮೆ ಹೀಗೆ ಬಗ್ಗಿದ ಕಲಿಪಾಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಊಟದ ಹೊತ್ತಿಗೆ ಇಪ್ಪತ್ತೆಂಟಿತ್ತು, ಈಗ ಎರಡು ಗಂಟೆ, ಎರಡು ಡಿಗ್ರಿ ಎಲ್ಲಿ ಸೋರಿತು, ಕಿಟಕಿಯ ಸಂದಿಗೆಲ್ಲ ಹತ್ತಿ ತುರುಕಿ ಕಾಗದ ಅಂಟಿಸಿದ್ದಾಳೆ, ಬಾಗಿಲಿಗೆ ಉಣ್ಣೆಯ ಜಮಖಾನೆ ಹೊಡೆದಿದ್ದಾಳೆ, ಹೊರಗೆ ಅತ್‌ಬಾಶಿ ಊರಿನ ಬೀದಿ ಬಿಳಿಚಿಕೊಂಡು ಬಿದ್ದಿದೆ, ಮೈನಸ್ ಇಪ್ಪತ್ತೊಂಬತ್ತು, ಎಲೆಯಲುಗದ ಗಾಳಿ, ಎದುರುಮನೆಯ ಹೊಗೆ ಮೇಲೇಳಲು ಮನಸ್ಸಿಲ್ಲದೆ ಸೂರಿನ ಮೇಲೇ ಕೂತಿದೆ. ಮಗುವಿಗೆ ಇಂದಿಗೆ ಇಪ್ಪತ್ತಾರು ದಿನ. ನಲವತ್ತು ತುಂಬುವವರೆಗೆ ಹೊರಗಿನವರ ನೆರಳು ಬೀಳಬಾರದು, ತಣ್ಣನೆ ಗಾಳಿ ತಾಗಬಾರದು, ನಲವತ್ತರಂದು ನಲವತ್ತು ಚಮಚ ನೀರು ಹೊಯ್ದು, ನಲವತ್ತು ಮನೆಯ ಚಿಂದಿ ಕೂಡಿಸಿ ಹೊಲಿದ ಅಂಗಿ ತೊಡಿಸಬೇಕು, ಅಂಗಿ ಅವಳ ಮಡಿಲಲ್ಲೇ ಇದೆ, ಈಗ ಸೂಜಿ ಹಿಡಿದಿರುವುದು ನೆರೆಮನೆಯ ಬಾತ್ಮಾ ಕೊಟ್ಟ ಹೂವಿನ ಚಿಂದಿಗೆ, ಅದನ್ನು ಕೊಡಲು ಬಂದವಳು ಹೊಸ್ತಿಲಾಚೆಯೇ ನಿಂತು, ಒಳಗಿನ ಬಿಸಿ ಮುಖಕ್ಕೆ ಹೊಡೆದದ್ದೇ ತಡ, ಏನೇ ಕಲಿಪಾ, ಮೊಮ್ಮಗನ್ನ ಸಾಕ್ತಿದ್ದೀಯೋ ರೊಟ್ಟಿ ಬೇಯಿಸ್ತಿದ್ದೀಯೋ, ಮಗ್ಗುಲು ಮಗುಚಿ ಹಾಕು, ಒಂದು ಕಡೆ ಸೀದೀತು ಅಂದಳು. ನಗಲಿ. ನಗುವವರ ಮನೆಯಲ್ಲಿ ಯಾರನ್ನೂ ಚಳಿ ಕೊಂಡೊಯ್ದಿಲ್ಲ. ಸೊಸೆ ಬೆಗಿಮಾಯ್ ಬಾತ್ಮಾಳಂತೆ ನಗುವುದಿಲ್ಲ, ಮೆತ್ತಗೆ ಹೇಳುತ್ತಾಳೆ, ಹೇಳಿದ್ದನ್ನೇ ಹೇಳುತ್ತಾಳೆ, ಅತ್ತೆ, ಮಲಗೋ ಕೋಣೆಗೆ ಹದಿನೆಂಟು ಸಾಕಂತೆ, ಮಗು ಇದೆ ಅಂದ್ರೆ ಇಪ್ಪತ್ತು, ಬೇಡ ಇಪ್ಪತ್ತೆರಡು, ದಿನಕ್ಕೆರಡು ಸಲ ಹತ್ತು ನಿಮಿಷ ಮರಿಕಿಟಕಿ ತೆಗೀಬೇಕು ಅಂತ ಡಾಕ್ಟರು ಅಂದ್ರು, ಪಟ್ಟಣದ ಹುಡುಗಿ, ಗೋಡೆಯೊಳಗಿನ ಕೊಳವೆಯಲ್ಲಿ ಸರ್ಕಾರವೇ ಬಿಸಿನೀರು ಹರಿಸುವ ಐದಂತಸ್ತಿನ ಕಟ್ಟಡದಲ್ಲಿ ಬೆಳೆದವಳು, ಜನವರಿಯಲ್ಲೂ ಸೆಖೆಯೆಂದು ಕಿಟಕಿ ತೆಗೆದಿಟ್ಟು ಕೂರುವವರು ಅವರು, ಒಲೆ ಅಂದರೇನು ಅಂತ ಮದುವೆಯಾದ ಮೇಲೆ ನೋಡಿದವಳು — ನಿಮ್ಮ ಡಾಕ್ಟರು ಬಂದು ಇಲ್ಲಿ ಒಂದು ಚಳಿಗಾಲ ಮಲಗಲಿ, ಆಮೇಲೆ ಮಾತಾಡೋಣ ಅಂದಿದ್ದಳು ಕಲಿಪಾ, ಸೊಸೆ ತಲೆ ತಗ್ಗಿಸಿ ಚಹಾ ಬಗ್ಗಿಸಿದ್ದಳು, ಒಳ್ಳೆಯ ಹುಡುಗಿ, ಎದುರಾಡುವುದಿಲ್ಲ, ಎದುರಾಡಿದ್ದರೆ ಮರೆತುಬಿಡಬಹುದಿತ್ತು.

ಇಪ್ಪತ್ತಾರು. ಸರಿಯಾಗಿ ಇಪ್ಪತ್ತಾರು. ಕಲ್ಲಿದ್ದಲು ಕೆಂಡವಾಗಿದೆ, ಉರಿ ಅಡಗಿದೆ, ಇನ್ನೇನಿದ್ದರೂ ಬಿಸಿ ಹೊಗೆಗೂಡಿನ ಪಾಲು, ಅಷ್ಟೂ ಆಕಾಶಕ್ಕೆ, ಮಗ ತಿಲೆಕ್ ಗಣಿಯಿಂದ ಲಾರಿಯಲ್ಲಿ ತಂದು ಸುರಿದ ಕಲ್ಲಿದ್ದಲು ಮೋಡ ಕಾಯಿಸಲಿಕ್ಕಲ್ಲ, ಅದಕ್ಕೇ ಅರ್ಧ ಗಂಟೆಯ ಹಿಂದೆ ಎದ್ದು ಹೊಗೆಗೂಡಿನ ದಾರಿ ಮುಚ್ಚುವ ತಗಡನ್ನು ಒಳಕ್ಕೆ ತಳ್ಳಿದ್ದಳು, ಪೂರ್ತಿಯಲ್ಲ, ಮೂರು ಬೆರಳಿನಷ್ಟು ದಾರಿ ಬಿಟ್ಟು, ಈಗ ಆ ಮೂರು ಬೆರಳನ್ನೂ ಮುಚ್ಚಿದರೆ ಕತ್ತಲಾಗುವವರೆಗೂ ಒಲೆಯ ಗೋಡೆ ಬೆಚ್ಚಗಿರುತ್ತದೆ, ಈ ಕಣಿವೆಯಲ್ಲಿ ಎಲ್ಲ ಮನೆಯಲ್ಲೂ ಮಾಡುವುದೇ, ತಗಡು ಮುಚ್ಚುವ ಹೊತ್ತು ತಿಳಿದವಳೇ ಮನೆ ನಡೆಸಬಲ್ಲವಳು ಎಂದು ಅವಳ ಅತ್ತೆ ಹೇಳುತ್ತಿದ್ದರು — ಅತ್ತೆ ಇನ್ನೂ ಏನೇನೋ ಹೇಳಿದ್ದರು — ಅಂಗಿಯನ್ನು ಮಡಿಸಿಟ್ಟು ಎದ್ದಳು, ಮಂಡಿ ಲಟಕ್ಕೆಂದಿತು, ಒಲೆಯ ಬಾಗಿಲು ತೆಗೆದು ನೋಡಿದಳು, ಕೆಂಪು ಕೆಂಡ, ಮೇಲೆ ಅಲ್ಲಲ್ಲಿ ನೀಲಿ, ಚಿಕ್ಕ ಚಿಕ್ಕ ನೀಲಿ ನಾಲಗೆ, ಇದ್ದೂ ಇಲ್ಲದಂತೆ, ಕೇಂದ್ರದ ಗೋಡೆಯ ಮೇಲೆ ಅಂಟಿಸಿದ್ದ ನಿಯಮಗಳಲ್ಲಿ ಏಳನೆಯದು, ನೀಲಿ ಜ್ವಾಲೆ ಪೂರ್ತಿ ಆರುವ ತನಕ ತಗಡು ಮುಚ್ಚಕೂಡದು, ನೀಲಿ ಇರುವಷ್ಟು ಹೊತ್ತು ವಿಷಗಾಳಿ ಇದೆ, ಬಣ್ಣವಿಲ್ಲ ವಾಸನೆಯಿಲ್ಲ, ಆರನೆಯದು ಮಳೆಮಾಪಕದ ಬಗ್ಗೆ, ಎಂಟನೆಯದು ಹಿಮದ ಕೋಲಿನ ಬಗ್ಗೆ, ಎಲ್ಲ ಬಾಯಿಪಾಠ. ಕೇಂದ್ರದಲ್ಲಿ ಅವಳ ಮೊದಲ ಚಳಿಗಾಲ. ಗಂಡ ಹಿಟ್ಟು ತರಲು ಕೆಳಗಿಳಿದಿದ್ದ, ಅವಳು ಮತ್ತು ಎರಡೂವರೆ ತಿಂಗಳ ಚೊಚ್ಚಲ ಮಗಳು ನುರ್ಪೆರಿ ಇಬ್ಬರೇ, ಹಗಲು ಹನ್ನೆರಡರ ಅಳತೆ ಮೈನಸ್ ಮೂವತ್ತಮೂರು ದಶಮಾಂಶ ಆರು, ಗಾಳಿ ಸೊನ್ನೆ, ಇವತ್ತಿನ ಹಾಗೆಯೇ ಸೊನ್ನೆ, ಒಳಗೆ ಬಂದು ಕೈ ಕಾಯಿಸಿಕೊಂಡಳು, ತಗಡು ತಳ್ಳಿದಳು, ಮಗುವಿನ ಪಕ್ಕ ಮೈ ಚಾಚಿದಳು, ಮೂರಕ್ಕೆ ಅಲಾರಾಂ ಬಡಿದಾಗ ಯಾರೋ ಕಬ್ಬಿಣದ ಪಟ್ಟಿ ಸುತ್ತಿ ಬಿಗಿದಂತೆ ತಲೆ, ಗೋಡೆ ಹಿಡಿದು ಹೊರಗೆ ನಡೆದಳು, ಹಿಮದಲ್ಲಿ ವಾಂತಿ, ಆಮೇಲೂ ಬಗ್ಗಿ ಓದಿದಳು, ಕಣ್ಣು ಸರಿಸಮ, ಉಸಿರು ಬಿಗಿಹಿಡಿದು, ಮೂವತ್ತೆರಡು ದಶಮಾಂಶ ಒಂದು, ಬರೆದಳು, ಒಳಗೆ ಬಂದಳು. ಮಗೂನ ಚಳಿ ತಗೊಂಡು ಹೋಯ್ತು ಎಂದರು ಎಲ್ಲರೂ. ಒಲೆ ಕಾಯಿಸೋಕೆ ಬರಲ್ಲ ನಿಂಗೆ, ಹೊರಗಿನ ಚಳಿ ಬರಕೊಳ್ತಾ ಕೂತೆ, ಒಳಗಿಂದು ಯಾರು ನೋಡಬೇಕಿತ್ತು ಎಂದರು ಅತ್ತೆ, ಅದು ನಿಜ, ಹೊರಗಿನದು ದಿನಕ್ಕೆ ಎಂಟು ಸಲ, ಒಳಗಿನದು ಒಮ್ಮೆಯೂ ಇಲ್ಲ, ಆ ಮಾತನ್ನು ಅವಳು ಎರಡು ಕೈಯಲ್ಲಿ ಇಸಿದುಕೊಂಡಳು, ಇಳಿಸಲೇ ಇಲ್ಲ, ಅದಕ್ಕೇ ತಿಲೆಕ್ ಹುಟ್ಟಿದಾಗ ಕೋಣೆಯಲ್ಲಿ ಉಷ್ಣಮಾಪಕ ತೂಗುಹಾಕಿದಳು, ಅದಕ್ಕೇ ಇಪ್ಪತ್ತೆಂಟು — ಏಳನೆಯ ನಿಯಮ ಒಂದು ಗೋಡೆಯ ಮೇಲೆ, ನುರ್ಪೆರಿ ಇನ್ನೊಂದು ಗೋಡೆಯ ಪಕ್ಕ, ನಡುವೆ ನಾಲ್ಕು ಹೆಜ್ಜೆ, ಆ ನಾಲ್ಕು ಹೆಜ್ಜೆ ಮಾತ್ರ ಮನಸ್ಸಿನಲ್ಲಿ ಎಂದೂ ನಡೆದವಳಲ್ಲ, ನೀಲಿ, ಈಗ ಏಕೆ ಇದೆಲ್ಲ, ಕೈ ತಗಡಿನ ಹಿಡಿಯ ಮೇಲಿದೆ, ಹಿಡಿ ಬಿಸಿಯಾಗಿದೆ, ಇಪ್ಪತ್ತೈದು ದಶಮಾಂಶ ಎಂಟು.

ಅತ್ತೆ. ಹಾಸಿಗೆಯಿಂದ ಬೆಗಿಮಾಯ್. ಎದ್ದಿದ್ದಾಳೆಯೇ, ಎದ್ದಿಲ್ಲ, ಕಣ್ಣು ಮುಚ್ಚಿಕೊಂಡೇ ಹಣೆ ಒತ್ತಿಕೊಳ್ಳುತ್ತಿದ್ದಾಳೆ, ಅತ್ತೆ, ತಲೆ ಸುತ್ತಾ ಪಟ್ಟಿ ಬಿಗಿದಂಗಿದೆ, ನಿನ್ನೆ ಮಧ್ಯಾಹ್ನಾನೂ ಹಿಂಗೇ ಆಯ್ತು, ಹೇಳಿದ್ರೆ ನೀವು ಬೈತೀರ ಅಂತ ಸುಮ್ನಿದ್ದೆ, ಮಗೂನೂ ಹಾಲಿಗೆ ಏಳ್ತಿಲ್ಲ. ನಿನ್ನೆಯೂ ಇದೇ ಹೊತ್ತಿಗೆ ತಗಡು, ನಿನ್ನೆಯೂ ಗಾಳಿ ಸೊನ್ನೆ, ಕಲಿಪಾ ಹಿಡಿಯನ್ನು ಹೊರಕ್ಕೆ ಎಳೆದಳು, ಪೂರ್ತಿ, ತಗಡು ಗೋಡೆಯಿಂದ ಕಿರುಚುತ್ತ ಆಚೆ ಬಂತು, ಅಂಗೈ ಸುಟ್ಟಿತು, ಸುಡಲಿ, ನಾಲ್ಕು ಹೆಜ್ಜೆ, ಎಷ್ಟೇ ನಿಧಾನಕ್ಕಾದರೂ ನಾಲ್ಕೇ, ಮರಿಕಿಟಕಿಯ ಹತ್ತಿ ಕಿತ್ತಳು, ಕಾಗದ ಹರಿದಳು, ಚಿಲಕಕ್ಕೆ ಹಿಮ ಹಿಡಿದಿತ್ತು, ಗುದ್ದಿದಳು, ತೆರೆಯಿತು, ಬಿಳಿ ಗಾಳಿ ನೀರಿನಂತೆ ಒಳಗೆ ಸುರಿಯಿತು, ಜಮಖಾನೆ ಸರಿಸಿ ಬಾಗಿಲನ್ನೂ ತೆಗೆದಳು, ಎದ್ದೇಳಮ್ಮ, ಕೋಟು ಹಾಕ್ಕೊ, ಮಗೂನ ಇಲ್ಲಿ ಕೊಡು, ಅಂದದ್ದು ತನ್ನದೇ ದನಿ, ಇಷ್ಟು ಸಮಾಧಾನದ ದನಿ ಎಲ್ಲಿತ್ತು, ಅತ್ತೆ, ಇನ್ನೂ ನಲವತ್ತು ತುಂಬಿಲ್ಲವಲ್ಲ, ತುಂಬತ್ತೆ, ಕೊಡು. ಕುರಿಚರ್ಮದಲ್ಲಿ ಸುತ್ತಿ, ಕಿಟಕಿಯ ಕೆಳಗೆ ಎತ್ತಿ ಹಿಡಿದಳು, ಮುಖವಷ್ಟೇ ಹೊರಗೆ, ಕೆನ್ನೆ ತೀರ ಕೆಂಪು, ಬೆರಳಿನಿಂದ ಅಂಗಾಲು ತೀಡಿದಳು, ಏನಿಲ್ಲ, ಮತ್ತೆ ತೀಡಿದಳು, ಬಾರೋ ಮರಿ, ಬಾ — ಮೂಗು ಸೊಟ್ಟಗಾಯಿತು, ಒಂದು ಸೀನು, ಇನ್ನೊಂದು, ಆಮೇಲೆ ಅಳು, ಕೋಪದ, ತುಂಬು, ನೆರೆಮನೆಗೂ ಕೇಳುವಂಥ ಅಳು, ಬಾಯಿಂದ ಸಣ್ಣ ಹಬೆ, ಅವಳು ಎಣಿಸಿದಳು, ಒಂದು ಹಬೆ, ಎರಡು, ಮೂರು, ಚಳಿಯಲ್ಲೇ ಕಾಣುವುದು ಇದು, ಬಿಸಿ ಕೋಣೆಯಲ್ಲಿ ಉಸಿರು ಕಾಣುವುದಿಲ್ಲ. ಬೆಗಿಮಾಯ್ ಹೊಸ್ತಿಲಲ್ಲಿ ಕೂತು ಮಗುವನ್ನು ಇಸಿದುಕೊಂಡು ಎದೆಗೆ ಹಾಕಿಕೊಂಡಳು, ಹಿಡಿಯಿತು, ಎಳೆಯಿತು, ತಲೆ ಹೇಗಿದೆ ಈಗ, ಸಡಿಲ ಆಗ್ತಿದೆ ಅತ್ತೆ, ಸೆಖೆಗೇ ಇರಬೇಕು. ಸಂಜೆ ಬಾತ್ಮಾಳ ಗಂಡನ ಗಾಡಿ ಹೇಳಬೇಕು, ಡಾಕ್ಟರಿಗೆ ಒಮ್ಮೆ ತೋರಿಸಬೇಕು, ಸಂಜೆಯೇಕೆ, ಈಗಲೇ, ಇನ್ನು ಮೇಲೆ ಇಪ್ಪತ್ತು, ಮಲಗುವಾಗ ಇನ್ನೂ ಕಡಿಮೆ, ಉಣ್ಣೆ ಇದೆ, ರಜಾಯಿ ಇದೆ, ಹೊದಿಸಿದರಾಯಿತು — ಸೆಖೆ ಅಲ್ಲ ಕಣಮ್ಮ, ಚಳೀನೂ ಅಲ್ಲ, ನಾನೇ ತಗಡು ತಳ್ಳಿದ್ದು. ಬಾಯಿಂದ ಬಂದೇಬಿಟ್ಟಿತು. ಸೊಸೆ ಮಗುವಿನ ತಲೆ ಸವರುತ್ತ, ಹೋಗ್ಲಿ ಬಿಡಿ ಅತ್ತೆ, ಏನೂ ಆಗಿಲ್ವಲ್ಲ, ಅರ್ಧ ತಾನೆ ತಳ್ಳಿದ್ದು, ಮಲಗಿದ್ದಲ್ಲಿಂದಾನೇ ನೋಡಿದ್ದೆ ಅಂದಳು. ಅರ್ಧ. ಅಲ್ಲ, ನುರ್ಪೆರಿ ಮಲಗಿದ್ದ ಅವತ್ತು ಪೂರ್ತಿ, ಕೊನೆ ಮುಟ್ಟುವ ತನಕ, ಟಕ್ ಎಂದಿತ್ತು, ಕೈಗೆ ನೆನಪಿದೆ, ತಳ್ಳುವ ಮುಂಚೆ ಒಲೆಯ ಬಾಗಿಲು ತೆಗೆದು ನೋಡಿದ್ದಳು, ನೋಡಿಯೇ ಮುಚ್ಚಿದ್ದಳು, ಎಂಟು ಸಲ ಹೊರಗೆ ನೋಡುವ ಕಣ್ಣು ಒಳಗೂ ಒಮ್ಮೆ ನೋಡಿತ್ತು, ಕೆಂಡದ ಮೇಲೆ, ಬೆರಳಿನಷ್ಟೇ ಎತ್ತರ, ಸದ್ದಿಲ್ಲ, ಅತ್ತಿತ್ತ ವಾಲದೆ, ನೀಲಿ, ನೀಲಿ