ನಾರಿನ ದುವಾ

ನಾನೇ ಮೊದಲು ನಕ್ಕಿದ್ದು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ನಡುವೆ ಎಲ್ಲೋ ನನಗೆ ಅನುಕೂಲವಾಗುವ ಹಾಗೆ ಕತೆಯನ್ನು ತಿರುಚಿಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನಾನು ಹುಕ್ಕೇರಿಯವಳು. ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಮೂರು ವರ್ಷ ಹುಡುಗಿಯರ ಮದರಸಾದಲ್ಲಿ ಅರಬ್ಬಿ ಕಲಿತವಳು. ಹನ್ನೊಂದು ವರ್ಷದ ಹಿಂದೆ ಗೋಕಾಕ ತಾಲೂಕಿನ ಮಮದಾಪುರದ ನದಾಫರ ಮನೆಗೆ ಸೊಸೆಯಾಗಿ ಬಂದೆ. ಹತ್ತಿ ಹಿಂಜಿ ಗಾದಿ ತುಂಬುವ ಮನೆತನ, ಮನೆಮಾತು ಕನ್ನಡ. ನಮ್ಮತ್ತೆ ಜೈತೂನಬಿಗೆ ಉರ್ದು ಬರುವುದಿಲ್ಲ. ನಮಾಜಿನ ಅರಬ್ಬಿಯನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡಿಕೊಂಡವರು. ನಿಲೋಫರ್ ಎಂಬ ನನ್ನ ಹೆಸರು ಅವರ ಬಾಯಲ್ಲಿ ಮೊದಲ ದಿನವೇ ನೀಲವ್ವ ಆಯಿತು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಎಂಥ ಅರೆಬರೆ ಮುಸಲ್ಮಾನರ ಮನೆಗೆ ಬಂದೆನಪ್ಪಾ ಎಂದು ತವರಿಗೆ ಹೋದಾಗ ಹೇಳಿಕೊಂಡು ನಗುತ್ತಿದ್ದೆ. ತವರಿನವರೂ ನಗುತ್ತಿದ್ದರು.

ಅತ್ತೆಗೆ ಒಂದು ರೂಢಿ ಇತ್ತು. ಬೆಳಗಿನ ನಮಾಜು ಮತ್ತು ಸಂಜೆಯ ಮಗ್ರಿಬ್ ನಮಾಜು ಮುಗಿದ ಕೂಡಲೇ, ಯಾರೊಡನೆಯೂ ಮಾತಾಡುವ ಮೊದಲು, ಬೆರಳ ಗೆಣ್ಣು ಎಣಿಸುತ್ತ ಏಳು ಸಲ ಒಂದೇ ದುವಾ ಹೇಳುತ್ತಿದ್ದರು. "ಅಲ್ಲಾಹುಮ್ಮ ಅಜಿರ್ನಾ ಮಿನನ್ನಾರ್." ಹಾಲಿನವನು ಬಾಗಿಲಲ್ಲಿ ನಿಂತು ಎಷ್ಟು ಕೂಗಿದರೂ ಏಳು ಮುಗಿಯುವವರೆಗೆ ಅವರ ಬಾಯಿಂದ ಬೇರೆ ಮಾತು ಬರುತ್ತಿರಲಿಲ್ಲ. ನರಕದ ಬೆಂಕಿಯಿಂದ ಕಾಪಾಡು ಎಂದು ಅಲ್ಲಾಹನನ್ನು ಬೇಡಿಕೊಳ್ಳುವ ದುವಾ ಅದು. ನಾವು ಒಬ್ಬೊಬ್ಬರೇ ಹೇಳಿಕೊಳ್ಳುವಾಗ 'ಅಜಿರ್ನೀ' ಅನ್ನುತ್ತೇವೆ, ಅತ್ತೆ 'ಅಜಿರ್ನಾ' ಅನ್ನುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಸೇರುತ್ತಾರೆ. ದೀನಿನ, ಅಂದರೆ ಧರ್ಮದ, ನಾಲ್ಕು ಮಾತು ನಾನು ಹೇಳುತ್ತೇನೆ. ಹೋದ ತಿಂಗಳು ಒಂದು ಶುಕ್ರವಾರ, ನನಗೆ ಮದರಸಾದಲ್ಲಿ ಕಲಿಸಿದ ಶಾಹೇದಾ ಆಪಾ ಬಂದಿದ್ದರು. ಮೂಡಲಗಿಯ ನೆಂಟರ ಮನೆಗೆ ಹೊರಟವರು ನನಗೋಸ್ಕರ ನಮ್ಮೂರಿಗೆ ಹಾಯ್ದಿದ್ದರು. ನಾನು ಅದೇ ದುವಾವನ್ನು ಪಾಠಕ್ಕೆ ಆರಿಸಿಕೊಂಡೆ. ಅರ್ಧ ಉರ್ದುವಿನಲ್ಲಿ ದೋಜಖಿನ, ಅಂದರೆ ನರಕದ, ಬೆಂಕಿಯನ್ನು ಒಂದು ತಾಸು ವರ್ಣಿಸಿದೆ. ಹೆಂಗಸರು ತಿಳಿಯದಿದ್ದರೂ ತಲೆ ಆಡಿಸಿದರು. ಆಮೇಲೆ, ಇದನ್ನು ದಿನಾ ಹೇಳುವವರು ಯಾರಿದ್ದೀರಿ ಎಂದು ಕೇಳಿದೆ.

"ನಾ ಅಂತೀನಲ್ಲ, ಎರಡೂ ಹೊತ್ತು," ಎಂದರು ಅತ್ತೆ, ಗೋಡೆಗೆ ಒರಗಿ ಕೂತಲ್ಲಿಂದ.

"ಹಂಗಾದ್ರ ಅದರ ಅರ್ಥ ಹೇಳ್ರಿ ಅತ್ತಿ."

"ಅರ್ಥ ಅಂದ್ರ, ನಾರ ಆಗಬಾರದಂತ. ನಾರಹುಣ್ಣ." ಸೀರೆಯ ಅಂಚು ಸರಿಸಿ ಎಡಗಾಲ ಮೇಲಿನ ಹಳೆಯ ಕಲೆ ತೋರಿಸಿದರು. "ನಾವು ಸಣ್ಣಾವ್ರಿದ್ದಾಗ ತವರೂರಾಗ ಮೆಟ್ಟಲ ಬಾವಿ ನೀರ ಕುಡದು ಭಾಳ ಮಂದಿಗೆ ಆಗತಿತ್ತು. ದಾರದಂಥಾ ಹುಳ ಕಾಲಾಗಿಂದ ಹೊರಗ ಬರತಿತ್ತು. ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟ ಎಳೀಬೇಕು. ನಡುವ ಹರೀತಂದ್ರ ಕಾಲ ಕೀವಾಗಿ ಹೋಗತಿತ್ತು. ಆವಾಗ ನಮ್ಮವ್ವ ಈ ದುವಾ ಕಲಿಸಿದ್ಳು. ಮಿನ ನಾರ್, ನಾರಿನಿಂದ ಕಾಪಾಡು ಅಂತ."

ಆಗ ನಾನು ನಕ್ಕೆ. ಸಣ್ಣಗೆ ಅಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅತ್ತಿ, ನಾರ್ ಅಂದ್ರ ಅರಬ್ಬಿಯೊಳಗ ಬೆಂಕಿ. ದೋಜಖಿನ ಬೆಂಕಿ. ಅರವತ್ತ ವರ್ಷ ಅಲ್ಲಾಹನ ಕಡೆ ಹುಳದ ಗುಳಿಗಿ ಬೇಡೀರಿ ನೀವು." ಪಡಸಾಲೆಗೆ ಪಡಸಾಲೆಯೇ ನಕ್ಕಿತು. ನನಗೆ ಇನ್ನೂ ಹುರುಪು ಬಂತು. "ಮತ್ತ ಅದು ಅಜಿರ್ನಾ ಅಲ್ರಿ, ಅಜಿರ್ನೀ. ನನ್ನನ್ನ ಕಾಪಾಡು ಅಂತ. ಇನ್ನರ ತಿದ್ದಿಕೋರಿ."

ಅತ್ತೆ ಸೀರೆಯನ್ನು ಕೆಳಗೆಳೆದು ಕಾಲು ಮುಚ್ಚಿಕೊಂಡರು. ಎಲ್ಲರ ಜೊತೆ ತಾವೂ ಒಂದಿಷ್ಟು ನಕ್ಕರು. "ನನಗೇನ ಗೊತ್ತವ್ವ, ಸಾಲಿ ಕಲಿತಾಕಿ ಅಲ್ಲ," ಎಂದರು.

ಆಪಾ ಮಾತ್ರ ನಕ್ಕಿರಲಿಲ್ಲ. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಬೇರೆ ಯಾರಿಗೂ ಕೇಳದ ಹಾಗೆ, ಅಜಿರ್ನಾ ತಪ್ಪಲ್ಲವೆಂದು ನಿನಗೆ ನಾನೇ ಕಲಿಸಿದ್ದೆನಲ್ಲ ಎಂದರು. ಹೌದು, ಕಲಿಸಿದ್ದರು. 'ನೀ' ಅಂದರೆ ನನ್ನನ್ನು, 'ನಾ' ಅಂದರೆ ನಮ್ಮನ್ನು. ರಮಜಾನಿನಲ್ಲಿ ಸೇರಿ ಬೇಡುವಾಗ ನಾವು ಹುಡುಗಿಯರೆಲ್ಲ ಅಜಿರ್ನಾ ಎಂದೇ ಹೇಳುತ್ತಿದ್ದೆವು. ಗೊತ್ತಿದ್ದೂ ಗೊತ್ತಿದ್ದೂ ಆ ಮುದುಕಿಯನ್ನು ತಿದ್ದಿದ್ದೆ. ನಾನು ಈ ಜನರ ಪೈಕಿ ಅಲ್ಲ ಎಂದು ಆಪಾಗೆ ತೋರಿಸಿಕೊಳ್ಳಬೇಕಿತ್ತು. ಬೇರೆ ಯಾವ ಕಾರಣವೂ ಇಲ್ಲ.

ಆ ಸಂಜೆ ಮಗ್ರಿಬ್ ಮುಗಿಸಿದ ಅತ್ತೆ ಬೆರಳು ಎಣಿಸಲಿಲ್ಲ. ಚಾಪೆ ಮಡಚಿ ಎದ್ದರು. ಮರುದಿನ ಬೆಳಗ್ಗೆಯೂ ಕತ್ತು ತಿರುಗಿಸಿ ನಮಾಜಿನ ಕೊನೆಯ ಸಲಾಮ್ ಹೇಳಿದ್ದೇ ತಡ, "ಹಾಲ ಬಂತೇನ?" ಎಂದು ಕೇಳಿದರು. ನಾನು ಈ ಮನೆಗೆ ಬಂದಾಗಿನಿಂದ ನಮಾಜಿನ ಬೆನ್ನಿಗೇ ಅವರು ಹಾಗೆ ಮಾತಾಡಿದ್ದನ್ನು ಕೇಳಿರಲಿಲ್ಲ.

ನಾಳೆ ಸರಿಹೋಗುತ್ತದೆ ಎಂದುಕೊಂಡೆ. ಸರಿಹೋಗಲಿಲ್ಲ. ಮೂರನೆಯ ದಿನ ನನ್ನ ಗಂಡ ಹುಸೇನಸಾಬ, "ಅವ್ವನ ಏಳ ಕೇಳವಲ್ದು. ಮೈಯಾಗ ಆರಾಮ ಇಲ್ಲೇನ?" ಎಂದ. ನನಗೇನು ಗೊತ್ತು ಎಂದು ಸುಳ್ಳು ಹೇಳಿದೆ. ಆಮೇಲೆ ನನ್ನ ದುವಾ ಹೇಳಲು ಕೂತವಳು ಹೇಳದೆ ಎದ್ದುಬಿಟ್ಟೆ. ಬೆಂಕಿಯಿಂದ ನನ್ನನ್ನು ಕಾಪಾಡು ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ಅರವತ್ತು ವರ್ಷ ಎರಡೂ ಹೊತ್ತು ದೇವರ ಮುಂದೆ ಕೈ ಒಡ್ಡಿದವರ ಬಾಯಿ ಮುಚ್ಚಿಸಿದ್ದೆ. ಅವರು ಹೀಗೇ ಸತ್ತುಹೋದರೆ ಅದಕ್ಕೆ ಉತ್ತರ ಹೇಳಬೇಕಾದವಳು ನಾನೇ.

ಐದನೆಯ ದಿನ, ಬುಧವಾರ ಮಧ್ಯಾಹ್ನ, ಅತ್ತೆ ಕಟ್ಟೆಯ ಮೇಲೆ ಗಾದಿಯ ಅಂಚು ಹೊಲಿಯುತ್ತಿದ್ದರು. ಇನ್ನೊಂದು ತುದಿ ಹಿಡಿದು ಕೂತವಳು ಬಾಜೂ ಮನೆಯ ಸೀತವ್ವ. ಕುರಿ ಸಾಕುವ ಮನೆಯವಳು, ಅತ್ತೆಯ ತವರೂರಿನವಳೇ. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಈ ಊರಿಗೆ ಬಂದವರು. ಸೀತವ್ವ ಎದ್ದುಹೋಗಲಿ ಎಂದು ಒಳಗೇ ಕಾದೆ. ಅವಳು ಏಳುವ ಲಕ್ಷಣ ಕಾಣಲಿಲ್ಲ. ಕಡೆಗೆ ಹೋಗಿ ಅತ್ತೆಯ ಮುಂದೆ ಕೂತೆ.

"ಅತ್ತಿ, ಅವತ್ತ ನಂದ ತಪ್ಪಾತ್ರಿ. ಮಾಫ್ ಮಾಡ್ರಿ."

"ಮಾಡೇನಿ ಬಿಡ. ನಗೂ ಮಾತಿಗೆ ನಕ್ಕಿ," ಎಂದರು ಸೂಜಿ ನಿಲ್ಲಿಸದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ಮತ್ತ ದುವಾ ಯಾಕ ಬಿಟ್ರಿ?"

ಸೂಜಿ ನಿಂತಿತು. "ನೀ ಅಂದಿಯಲ್ಲ, ನನ್ನೊಬ್ಬಾಕಿನ್ನ ಕಾಪಾಡು ಅನಬೇಕಂತ. ನಾ ಒಬ್ಬಾಕಿ ಸಲುವಾಗಿ ಎಂದೂ ಬೇಡಿಲ್ಲ ನೀಲವ್ವ. ಬಾವಿ ಒಂದ ಇತ್ತು, ಊರ ಮಂದಿ ಎಲ್ಲಾ ಅದ ನೀರ ಕುಡೀತಿದ್ವಿ. ಎಲ್ಲಾರ ಕಾಲೂ ನೆನಸ್ಕೊಂಡ ಬೇಡು ಅಂತ ನಮ್ಮವ್ವ ಹೇಳಿದ್ಳು. ಹುಳಕ್ಕ ಹಂಗ ಬೇಡಿದಾಕಿ, ಈಗ ಬೆಂಕಿ ಅಂತ ಗೊತ್ತಾದಮ್ಯಾಲ ನನ್ನಷ್ಟಕ್ಕ ಹೆಂಗ ಬೇಡ್ಲಿ? ನಾಲಿಗಿ ಹೊಳ್ಳವಲ್ದು."

"ನನಗೂ ನಾರ ಆಗಿತ್ತು," ಎಂದಳು ಸೀತವ್ವ. "ಬಾವಿ ಮೆಟ್ಟಲ ಮ್ಯಾಲ ಕುಂತ ಈಕಿ ಅದನ್ನ ಅನ್ನಾಕಿ, ನಾವು ಹುಡುಗ್ಯಾರೆಲ್ಲಾ ಆಮೀನ ಅಂತಿದ್ವಿ."

"ಅತ್ತಿ, ನೀವು ಅನ್ನೂದ ಖರೆ ಐತ್ರಿ," ಎಂದೆ. "ಅಜಿರ್ನಾ ಅಂದ್ರ ನಮ್ಮೆಲ್ಲಾರನ್ನೂ ಕಾಪಾಡು ಅಂತ. ಅದರಾಗ ತಪ್ಪಿಲ್ಲ."

ಸೀತವ್ವ ಕಣ್ಣರಳಿಸಿದಳು. "ನಮ್ಮ ಮಾತಿನಾಗ 'ನಾ' ಅಂದ್ರ ನಾ ಒಬ್ಬಾಕಿನ. ಅರಬ್ಬಿಯಾಗ 'ನಾ' ಅಂದ್ರ ಎಲ್ಲಾರೂನೂ? ಚಲೋ ಐತಿ ಬಿಡ."

ಅತ್ತೆ ನನ್ನನ್ನೇ ನೋಡುತ್ತಿದ್ದರು. "ಇದು ನಿನಗ ಅವತ್ತ ಗೊತ್ತಿತ್ತೇನ?"

ಇಲ್ಲ ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಮೇಲೆ ಆಪಾರನ್ನು ಕೇಳಿ ತಿಳಿದುಕೊಂಡೆ ಎಂದರೆ ಅವರು ನಂಬುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ನಂಬುವವರು ಅವರು, ಅದೇ ಅಲ್ಲವೇ ಇಷ್ಟಕ್ಕೆಲ್ಲ ಕಾರಣ.

"ಗೊತ್ತಿತ್ರಿ," ಎಂದೆ.

ಸೀತವ್ವ ಗಾದಿಯ ಅಂಚಿಗೆ ಕಣ್ಣು ಇಳಿಸಿದಳು. ಅತ್ತೆ ಸೂಜಿಯನ್ನು ಗಾದಿಗೆ ಚುಚ್ಚಿಟ್ಟರು. ಬೈಯಲಿ, ಎದ್ದು ಹೋಗು ಅನ್ನಲಿ ಎಂದು ನಾನು ತಲೆ ತಗ್ಗಿಸಿ ಕಾದೆ.

"ನೀ ಈ ಮನಿಗೆ ಬಂದ ದಿನದಿಂದ ನಿನ್ನೂ ಅದರಾಗ ಸೇರಿಸಿ ಬೇಡೇನಿ," ಎಂದರು ಕಡೆಗೆ. "ಈ ಐದ ದಿನ ನಿನ್ನ ಸಲುವಾಗಿ ಬೇಡಲಿಲ್ಲ. ಅದೊಂದು ನನ್ನಿಂದ ತಪ್ಪಾತು."

ಅಂದು ಮಗ್ರಿಬ್ ಆದ ಮೇಲೆ ನಾನು ಅವರ ಹಿಂದೆ ಕೂತೆ. ಅಲ್ಲಾಹುಮ್ಮ ಅಜಿರ್ನಾ ಮಿನನ್ನಾರ್. ಏಳು ಆಯಿತು. ಅತ್ತೆ ನಿಲ್ಲಿಸಲಿಲ್ಲ. ಬೆರಳು ಮತ್ತೆ ಮೊದಲ ಗೆಣ್ಣಿಗೆ ಬಂತು, ಮತ್ತೆ ಏಳು, ಮತ್ತೆ ಏಳು. ಬಿಟ್ಟುಹೋದ ಹೊತ್ತುಗಳನ್ನೆಲ್ಲ ಒಂದೊಂದಾಗಿ ತುಂಬಿ ಕೊಡುತ್ತಿದ್ದಾರೆ ಎಂದು ನನಗೆ ತಿಳಿಯುವಷ್ಟರಲ್ಲಿ ಮೂರು ಸುತ್ತು ಮುಗಿದಿತ್ತು. ನಾನು ಒಂದೊಂದಕ್ಕೂ ಆಮೀನ್ ಅನ್ನಲು ಬಾಯಿ ತೆರೆದೆ.