ಗೊವೆಯ ಉಸಿರು

ಕೂಸು ಹುಟ್ಟಿದ ಕೂಡಲೇ ಅದರ ಕಿವಿಯಲ್ಲಿ ಸೋದರಮಾವ ಉಸಿರು ಊದಬೇಕು. ನಾವು ಕನಕ್ ಜನ, ಈ ದ್ವೀಪದ ಮೂಲದವರು. ಮಾವನ ಉಸಿರು ಸಿಗದ ಕೂಸು ನಮ್ಮಲ್ಲಿ ಇನ್ನೂ ಯಾರ ಮಗುವೂ ಅಲ್ಲ. ಅದಕ್ಕೇ ನನ್ನ ಹೆಂಡತಿ ಕಾಪೊಗೆ ನೋವು ಶುರುವಾದ ಬೆಳಿಗ್ಗೆ ಅವಳ ಅಣ್ಣ ಗೊವೆ ಗೆಣಸಿನ ಹೊಲದಿಂದ ಮಣ್ಣುಗೈಯಲ್ಲೇ ಓಡಿಬಂದ. ನಮ್ಮ ಪಿಕಪ್ ಗಾಡಿಯ ಹಿಂದೆ ಹತ್ತಿ, ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಗಾಡಿ ನಾನು ಓಡಿಸಿದೆ.

ನೆರೆಯ ದ್ವೀಪನಾಡು ವನುವಾಟುವಿಗೆ ಸ್ವಾತಂತ್ರ್ಯದ ಬಾವುಟ ಬಂದು ಎಷ್ಟೋ ವರ್ಷವಾಯಿತು. ಇನ್ನೂ ಫ್ರಾನ್ಸಿನ ಕೈಯಲ್ಲಿರುವ ನಮ್ಮ ಕ್ಯಾಲೆಡೋನಿಯಾಕ್ಕೆ ಬಂದದ್ದು ತಲೆ ಎಣಿಕೆ. ಈಚೆಗೆ ಬಂದಿಳಿದವರನ್ನೂ ಮತದಾರರ ಪಟ್ಟಿಗೆ ಸೇರಿಸುತ್ತೇವೆಂದು ಪ್ಯಾರಿಸ್ ಹೇಳಿತು. ನಮ್ಮ ಓಟು ಅದರಲ್ಲಿ ಮುಳುಗುತ್ತದೆಂದು ನಮ್ಮವರು ರಸ್ತೆಗಳಲ್ಲಿ ಟೈರು ಉರಿಸಿದರು. ಆಸ್ಪತ್ರೆಯ ದಾರಿಯ ಸೇತುವೆಯಲ್ಲಿ ಬಿಳಿಯರು ನಮ್ಮವರನ್ನು ತಡೆಯಲು ಅಡ್ಡಗಟ್ಟಿ ಕೂತಿದ್ದರು. ಗಾಡಿ ತಡೆದವನು ದನದ ದೊಡ್ಡಿಯ ಲೂಸಿಯಾಂ. ಎಷ್ಟೋ ಸಲ ಗೊವೆಯ ಜೊತೆ ಜಿಂಕೆ ಹೊಡೆದವನು. ಕೈಯಲ್ಲಿ ಅದೇ ಬಂದೂಕು.

"ಗಂಡಸರು ಇಳೀರಿ. ಹೆಂಗಸನ್ನ ನಮ್ಮೋನು ಕರ್ಕೊಂಡು ಹೋಗ್ತಾನೆ."

ನಾನು ಇಳಿದೆ. ಗೊವೆ ಅಲುಗಲಿಲ್ಲ.

"ನಾನು ಮಾವ ಕಣೋ. ಕೂಸು ಹುಟ್ಟೋವಾಗ ನಾನಿರ್ಬೇಕು."

"ಭಾವ, ಇಳಿದುಬಿಡಿ," ಎಂದೆ.

"ನೀನು ಸುಮ್ನಿರು."

"ಹೆರಿ, ಹೆರಿ! ಪಟ್ಟಿ ಬೆಳೆಸ್ಬೇಕಲ್ಲ ನಿಮಗೆ," ಎಂದ ಲೂಸಿಯಾಂ.

"ನಿಮ್ಮೋರು ವಿಮಾನದಿಂದ ಇಳೀತಾರೆ, ನಮ್ಮೋರು ಹೊಟ್ಟೆಯಿಂದ ಬರ್ಬೇಕು. ಸ್ವಲ್ಪ ತಡ ಆಗುತ್ತಪ್ಪ," ಎಂದ ಗೊವೆ.

ಅಡ್ಡಗಟ್ಟಿದ್ದವರಲ್ಲೇ ಒಬ್ಬ ನಕ್ಕುಬಿಟ್ಟ. ಲೂಸಿಯಾಂ ಬಂದೂಕಿನ ಹಿಡಿಯಿಂದ ಗೊವೆಯ ಬಾಯಿಗೆ ಹೊಡೆದ. ಎರಡು ಹಲ್ಲು ಕಾಪೊಳ ಕೂದಲಿಗೆ ಬಿದ್ದವು. ಗೊವೆ ಗಾಡಿಯ ಅಂಚನ್ನು ಹಿಡಿದು ಕೂತೇ ಇದ್ದ. ನಾನು ಮುನ್ನುಗ್ಗಿದೆ, ಮೂವರು ನನ್ನನ್ನು ಕೆಡವಿ ಪಕ್ಕೆಗೆ ಒದ್ದರು. ನೆಲದಲ್ಲಿದ್ದಾಗಲೇ ಗುಂಡಿನ ಸದ್ದು ಕೇಳಿತು.

ಕೈ ತಪ್ಪಿತು ಎಂದು ಲೂಸಿಯಾಂ ಆಮೇಲೆ ಹೇಳಿಕೆ ಕೊಟ್ಟ. ಜಿಂಕೆಗೆ ಅವನ ಕೈ ಎಂದೂ ತಪ್ಪಿದ್ದಿಲ್ಲ.

ನನ್ನನ್ನು ಕೆಡವಿದ್ದವರು ಕೈಬಿಟ್ಟು ಹಿಂದೆ ಸರಿದರು. ಗಾಡಿ ಹತ್ತಿದೆ. ಅಣ್ಣನ ರಕ್ತ, ತಂಗಿಯ ರಕ್ತ ಒಂದೇ ತಗಡಿನ ಮೇಲೆ ಹರಿಯುತ್ತಿತ್ತು. ಅದರಲ್ಲೇ ಕೂಸು ಜಾರಿ ನನ್ನ ಕೈಗೆ ಬಂತು. ಹೆಣ್ಣು. ನೀಲಿಗಟ್ಟಿತ್ತು, ಅಳಲಿಲ್ಲ.

"ಅಣ್ಣಾ, ಊದು!"

ಗೊವೆ ತುಟಿ ಚಾಚಿದ. ಬಂದದ್ದು ಕೆಂಪು ನೊರೆ. ಗಾಳಿಯೆಲ್ಲ ಪಕ್ಕೆಲುಬಿನ ನಡುವಿನ ತೂತಿನಿಂದ ಬುಸ್ಸೆಂದು ಹೋಗುತ್ತಿತ್ತು. ಕಾಪೊ ಅದನ್ನು ನೋಡಿದಳು. ಹೊಕ್ಕುಳಬಳ್ಳಿ ಇನ್ನೂ ಅಂಟಿದ್ದ ಕೂಸನ್ನು ನನ್ನ ಕೈಯಿಂದ ಕಿತ್ತುಕೊಂಡು, ಅದರ ಕಿವಿಯನ್ನು ಆ ತೂತಿಗೆ ಒತ್ತಿ ಹಿಡಿದಳು.

"ಇಲ್ಲಿಂದಾನೇ ಊದಣ್ಣ. ಇಲ್ಲಿಂದಾನೇ."

ಒಂದು ಉಸಿರು. ಎರಡು. ಮೂರನೆಯದಕ್ಕೆ ಕೂಸು ಕಿರುಚಿತು. ನಾಲ್ಕನೆಯದು ಬರಲಿಲ್ಲ.