ಅಪ್ಪನ ಅಂಗೈ

ಕಂಡಕ್ಟರ್ ಅಂಗೈಯಿಂದ ಬಸ್ಸಿನ ತಗಡು ಬಡಿದ, ರೈಟ್ ಪೋಯಿ ಎಂದ, ಬಸ್ಸು ಕಾಪು ಬಿಟ್ಟಿತು, ಆ ಅಂಗೈ ಮಾತ್ರ ಪ್ರಿಯಂವದೆಯ ಕಣ್ಣಿನಿಂದ ಇಳಿಯಲಿಲ್ಲ — ತೀರಿಹೋದ ಅಪ್ಪನದೂ ಹಾಗೇ ಅಗಲವಾದದ್ದು, ದಾರಿ ಕೇಳಿದವರಿಗೆ ಅಪ್ಪ ಬೆರಳು ತೋರಿಸಿದವರಲ್ಲ, ಬೆರಳು ತೋರಿಸಿದರೆ ಮರ್ಯಾದೆಯಲ್ಲ ಮಗಾ, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ, ಊಟಕ್ಕೆ ಕರೆಯುವವರ ಹಾಗೆ ಅಂಗೈ ಬಿಡಿಸಿ, ಅಗೋ ಆ ಮನೆ, ಎನ್ನುತ್ತಿದ್ದರು, ಮಡಿಲಲ್ಲಿ ಅವಳ ಕಾದಂಬರಿಯ ಕೊನೆಯ ಪ್ರೂಫು, ಮಣಿಪಾಲದ ಪ್ರೆಸ್ಸಿನಲ್ಲಿ ರಾಮದಾಸರು ಕಾಯುತ್ತಿದ್ದಾರೆ, ಇವತ್ತು ಕೊಟ್ಟರೆ ನಾಳೆ ಅಚ್ಚು. ನಡೆಯದೇ ಹೋದ ಚರಿತ್ರೆ ಅದು, ಅರುವತ್ತು ವರ್ಷದ ಹಿಂದೆ, ನಲವತ್ತೆರಡರಲ್ಲಿ, ಜಪಾನಿನ ಹಡಗುಗಳು ಕಾಪುವಿನ ಕಡಲಿಗೆ ಬಂದಿದ್ದರೆ ಎಂಬ ಊಹೆ, ಹಡಗಿಗೆ ದಡ ಕಾಣದಿರಲೆಂದು ದೀಪಸ್ತಂಭದ ದೀಪ ಆರಿಸಿದ ಒಬ್ಬ, ಅವನಿಗೆ ನೆರೆಮನೆಯ ಕಜೆಟನರ ಹೆಸರಿಟ್ಟಳು, ಅವನನ್ನು ಹುಡುಕುವ ಜಪಾನಿ ಸಿಪಾಯಿಗಳು, ಮನೆ ತೋರಿಸಿಕೊಡುವ ಊರಿನವನೊಬ್ಬ. ಮೊದಲು ಆ ಊರಿನವನನ್ನು ಕುಡುಕ ಮಾಡಿದ್ದಳು, ರಾಮದಾಸರು ನಕ್ಕುಬಿಟ್ಟರು, ಇದು ಯಕ್ಷಗಾನದ ರಕ್ಕಸ ಮಾರಾಯ್ತಿ, ನಂಬಿಕೆ ಬರುವುದಿಲ್ಲ, ಒಳ್ಳೆಯವನೊಬ್ಬ ತೋರಿಸಿಕೊಡಲಿ ನೋಡುವ — ಅವಳಿಗೆ ಚೆನ್ನಾಗಿ ಗೊತ್ತಿದ್ದ ಒಳ್ಳೆಯವರು ಒಬ್ಬರೇ. ಕುಡುಕನ ಜಾಗಕ್ಕೆ ಒಬ್ಬ ಮೇಷ್ಟ್ರನ್ನು ತಂದಳು, ಅಪ್ಪನ ಹೆಸರು ಬದಲಿಸಿದಳು, ಕೈ ಬದಲಿಸಲಿಲ್ಲ. ತಮ್ಮ ಮನೆ ಬಾಗಿಲಲ್ಲಿ ನಿಂತ ಹೆಂಡತಿ ಮಗುವನ್ನು ಒಮ್ಮೆ ನೋಡಿ ಆ ಮೇಷ್ಟ್ರು ಹೆದರುತ್ತಾರೆ, ಹೆದರಿದರೂ ಮರ್ಯಾದೆ ಬಿಡದೆ ಅಂಗೈ ಬಿಡಿಸುತ್ತಾರೆ, ಅಗೋ ಆ ಮನೆ — ಬರೆದು ಮುಗಿಸಿದಾಗ ಎಂಥ ಖುಷಿ, ಈಗ ನೆನೆದರೆ ನಾಚಿಕೆ. ನಿಜದ ಕಜೆಟನರು ಕಾಯಿಲೆ ಬಿದ್ದು ತೀರಿಕೊಂಡವರು, ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅಪ್ಪನೂ ಒಬ್ಬರು, ಇಗರ್ಜಿಯವರೆಗೂ ಬರಿಗಾಲಲ್ಲಿ ನಡೆದವರು.

ನಿನ್ನೆ ಸಂಜೆ ಅಮ್ಮ ಆ ಪುಟ ಓದಿ ಕನ್ನಡಕ ತೆಗೆದರು, ಬೈಯಲಿ, ಅವರು ಅಂಥವರೇ ಅಲ್ಲ ಅನ್ನಲಿ, ಎಂದು ಇವಳು ಕಾದಳು, ಅಮ್ಮ ಅಂದರು, ಎಂತ ಹೇಳುವುದು ಮಗಾ, ಕೈ ಅವರದ್ದೇ ಹೌದು, ನಾನೂ ನೀನೂ ಬಾಗಿಲಲ್ಲಿ ನಿಂತಿದ್ದರೆ ತೋರಿಸುತ್ತಿದ್ದರೋ ಏನೋ, ಇಷ್ಟು ವರ್ಷ ಅದು ಗೊತ್ತಾಗದೆಯೇ ನನ್ನ ಬದುಕು ನಡೆದಿತ್ತು ಅಲ್ವಾ. ಈಗ ಕಿಟಕಿಯಾಚೆ ಉದ್ಯಾವರದ ಸೇತುವೆ, ಹೊಳೆ, ಪೆನ್ನು ತೆಗೆದು ಆ ಪುಟಕ್ಕೆ ಅಡ್ಡಗೆರೆ ಎಳೆದಳು, ಬಸ್ಸಿನ ಕುಲುಕಿಗೆ ಗೆರೆ ಸೊಟ್ಟಗಾಯಿತು, ಆಗಲಿ, ಪುಸ್ತಕ ಕುಂಟಲಿ, ಮೇಷ್ಟ್ರು ಹೋದರು — ಇನ್ನು ಪೆಟ್ಟಿಗೆ ಹೊತ್ತ ಅಪ್ಪನನ್ನು ನೆನೆಯಬೇಕು, ಬಿಳಿ ಪಂಚೆ, ಬರಿಗಾಲು, ಹೆಗಲು, ಹೆಗಲ ಮೇಲಿನ ಪೆಟ್ಟಿಗೆ ಹಿಡಿದ ಕೈ, ಆ ಕೈ ಇಳಿಯುತ್ತದೆ, ಎಡಗೈ ಮೊಣಕೈಗೆ ತಾಗುತ್ತದೆ, ಅಲ್ಲ, ಅಪ್ಪ, ಬೇಡ, ಕೈ ಅಲ್ಲೇ ಇರಲಿ — ಬೆರಳುಗಳು ಬಿಡಿಸಿಕೊಳ್ಳುತ್ತವೆ, ಅಂಗೈ, ಕಜೆಟನರ ಮನೆಯ ಕಡೆಗೆ, ಅಂಗೈ